ಮೂಗರ್ಜಿ ಬಂದ ವರ್ಷ

ಮುರಗೋಡ
೧೪ ಜುಲೈ ೨೦೨೪

ಪೂಜ್ಯ ಕೃಷ್ಣಾಜಿ ಸರ್ ಅವರಿಗೆ,

ಸ್ನೇಹಲ್ ಮಾಡುವ ನಮಸ್ಕಾರಗಳು. ಫೋನು ಮಾಡುವುದು ಬಿಟ್ಟು ಕಾಗದ ಬರೆಯುತ್ತಿದ್ದಾಳಲ್ಲ ಎಂದು ನಿಮಗೆ ಅನಿಸಬಹುದು. ಇಲ್ಲಿ ಫೋನಿನಲ್ಲಿ ಬರೆದದ್ದು ಫೋನಿನಲ್ಲಿ ಉಳಿಯುವುದಿಲ್ಲ ಸರ್. ಶಿಕ್ಷಕರ ಗುಂಪಿಗೆ ನಾನು ಹಾಕಿದ ಒಂದು ಸಾಲು ಅದೇ ಸಂಜೆ ಪಂಚಾಯಿತಿ ಸದಸ್ಯರೊಬ್ಬರ ಬಾಯಲ್ಲಿತ್ತು. ಫೋನಿನಲ್ಲಿ ಮಾತಾಡೋಣವೆಂದರೆ ಬಸ್ಸಿನಲ್ಲೂ ಪಕ್ಕದಲ್ಲಿ ನಮ್ಮವರೇ ಯಾರಾದರೂ ಕುಳಿತಿರುತ್ತಾರೆ.

ಎಂಟು ವರ್ಷ ನೀವು ಕುಳಿತ ಕುರ್ಚಿಯಲ್ಲಿ ಈಗ ನಾನು ಕುಳಿತಿದ್ದೇನೆ. ಬೈಲಹೊಂಗಲದಲ್ಲಿ ಎಂಟನೆಯ ತರಗತಿಯಲ್ಲಿದ್ದಾಗ ನಿಮ್ಮ ಮನೆಯಿಂದ ಪುಸ್ತಕ ಒಯ್ದು ಓದುತ್ತಿದ್ದ ಹುಡುಗಿ ನೀವು ನಡೆಸಿದ ಶಾಲೆಗೇ ಮುಖ್ಯೋಪಾಧ್ಯಾಯಿನಿಯಾಗಿ ಬಂದಿದ್ದು ನನಗೇ ಇನ್ನೂ ನಂಬಿಕೆಯಾಗಿಲ್ಲ. ಅಧಿಕಾರ ವಹಿಸಿಕೊಂಡ ದಿನ ಊರಿನವರು ನನ್ನದು ಯಾವ ಊರು ಎಂದು ಕೇಳಿದರು. ಆಮೇಲೆ ಯಾವ ಓಣಿ ಎಂದೂ ಕೇಳಿದರು. ಹೇಳಿದೆ. ಬಳಿಕ ಮಾತು ಮಳೆಯ ಕಡೆಗೆ ತಿರುಗಿತು.

ನಿಮ್ಮ ಕಾಲದಲ್ಲಿ, ಮೊದಲ ವರ್ಷವೊಂದನ್ನು ಬಿಟ್ಟರೆ, ಹತ್ತನೆಯ ತರಗತಿಯ ಫಲಿತಾಂಶ ಶೇಕಡಾ ತೊಂಬತ್ತಕ್ಕಿಂತ ಕೆಳಗೆ ಇಳಿದದ್ದೇ ಇಲ್ಲ. ನೀವು ನಿವೃತ್ತರಾದ ಮೇಲೆ ಕನ್ನಡ ಶಿಕ್ಷಕ ರಾಯಪ್ಪ ಸರ್ ಎರಡು ವರ್ಷ ಪ್ರಭಾರಿ ಇದ್ದರಲ್ಲ, ಈ ಸಲ ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಬಂತು, ಫಲಿತಾಂಶ ಮೂವತ್ತೊಂದಕ್ಕೆ ಬಿತ್ತು. ಕಾರಣ ಕೇಳಿ ಬಂದ ನೋಟಿಸಿಗೆ ಉತ್ತರ ಬರೆಯಬೇಕಾದವಳು ನಾನು. ಬರೆಯುವ ಮೊದಲು ಮಕ್ಕಳನ್ನು ನೋಡೋಣವೆಂದು ಹತ್ತನೆಯ ತರಗತಿಯ ಐವತ್ತೆಂಟು ಮಂದಿಯನ್ನೂ ಒಬ್ಬೊಬ್ಬರನ್ನಾಗಿ ಕರೆದು ನಾಲ್ಕನೆಯ ತರಗತಿಯ ಪುಸ್ತಕ ಓದಿಸಿದೆ. ಕಾಡವ್ವ ಎಂಬ ಹುಡುಗಿ ಸರಾಗವಾಗಿ ಓದಿದಳು. ಆದರೆ ಪುಟ ತಿರುಗಿಸುವ ಮೊದಲೇ ಮುಂದಿನ ಪುಟದ ಮಾತು ಹೇಳಿಬಿಟ್ಟಳು. ಕೇಳಿ ಕೇಳಿ ಬಾಯಿಪಾಠ ಮಾಡಿದ್ದಳು, ಸರ್. ಅವಳಂಥವರು ಇಪ್ಪತ್ತೊಂದು ಮಂದಿ.

ಇದನ್ನೇ ಬರೆದು ಕಳಿಸುತ್ತೇನೆಂದಾಗ ರಾಯಪ್ಪ ಸರ್ ಎಲ್ಲರೆದುರು ಎದ್ದು ನಿಂತರು. “ಮೇಡಂ, ಹಿಂಗ ಬರದು ಕಳಿಸಿದ್ರ ಎಲ್ಲಾರ ಕುತ್ತಿಗಿಗೂ ಬರತೈತ್ರಿ. ವಿಚಾರ ಮಾಡ್ರಿ,” ಅಂದರು. ಅದು ಸಲಹೆಯೋ ಬೆದರಿಕೆಯೋ ತಿಳಿಯಲಿಲ್ಲ. ಗಣಿತದ ಭಾರ್ಗವ ಸರ್ ಒಬ್ಬರೇ ಆಮೇಲೆ ಬಂದು, “ನೀವೇನೂ ಮನಸ್ಸಿಗೆ ಹಚ್ಕೋಬ್ಯಾಡ್ರಿ, ನಾವಿದ್ದೀವಿ,” ಎಂದು ಸಮಾಧಾನ ಹೇಳಿದರು.

ನಾನೇನು ಮಾಡಲಿ?

ನಿಮ್ಮ ವಿದ್ಯಾರ್ಥಿನಿ,
ಸ್ನೇಹಲ್


ಬೈಲಹೊಂಗಲ
೨೫ ಜುಲೈ ೨೦೨೪

ಚಿ. ಸ್ನೇಹಲಳಿಗೆ ಆಶೀರ್ವಾದ.

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಅಕ್ಷರ ಇನ್ನೂ ಹಾಗೆಯೇ ಇದೆ, ದುಂಡಗೆ. ಸಂತೋಷವಾಯಿತು.

ನಿಜ ಹೇಳಬೇಡವೆಂದು ನಾನು ಎಂದೂ ಯಾರಿಗೂ ಕಲಿಸಿದವನಲ್ಲ. ಆದರೆ ಬಂದ ತಿಂಗಳಲ್ಲೇ ಮೇಲಿನವರಿಗೆ ಅಂಕಿಸಂಖ್ಯೆ ಬರೆದು ಕಳಿಸಿದರೆ ಅವರು ಮಕ್ಕಳನ್ನು ನೋಡುವುದಿಲ್ಲ, ಕಳಿಸಿದವಳನ್ನು ನೋಡುತ್ತಾರೆ. ಒಂದು ಘಟಕ ಪರೀಕ್ಷೆ ಮುಗಿಯಲಿ. ನೋಟಿಸಿಗೆ ‘ವಿಶೇಷ ತರಗತಿಗಳನ್ನು ಕೈಗೊಳ್ಳಲಾಗಿದೆ’ ಎಂದು ಒಂದು ಸಾಲು ಬರೆದರೆ ಸಾಕು. ನನ್ನ ಕಾಲದಲ್ಲಿ ಅಂಥ ಹತ್ತು ಸಾಲು ಬರೆದಿದ್ದೇನೆ.

ರಾಯಪ್ಪನ ವಿಷಯದಲ್ಲಿ ಎಚ್ಚರವಿರಲಿ. ಅವನ ಊರು ರಾಮದುರ್ಗದ ಕಡೆ, ಮಾತು ಒರಟು. ಎರಡು ವರ್ಷ ಕುರ್ಚಿಯ ರುಚಿ ನೋಡಿದವನು ಈಗ ನಿನ್ನ ಕೈಕೆಳಗೆ ಹಾಜರಿಗೆ ಸಹಿ ಮಾಡಬೇಕು. ಅದು ಅವನಿಗೆ ಸುಲಭವಲ್ಲ. ಎದುರಿಗೆ ಒಂದು ಮಾತಾಡಿದವನು ಹಿಂದೆ ನಾಲ್ಕು ಮಾತಾಡಿರುತ್ತಾನೆ.

ಸಿಬ್ಬಂದಿಯಲ್ಲಿ ನಿನ್ನ ಪರ ಯಾರಿದ್ದಾರೆ, ಯಾರಿಲ್ಲ, ಹೆಸರು ಹೆಸರಾಗಿ ಬರೆ. ಎಲ್ಲರನ್ನೂ ನಾನು ಬಲ್ಲೆ, ನಿನಗೆ ಉಪಯೋಗವಾದೀತು. ಹಳೆಯ ಕಪಾಟಿನ ಕಾಗದಗಳನ್ನೆಲ್ಲ ತೆಗೆಸಿ ಶುಚಿ ಮಾಡಿಸುತ್ತಿದ್ದೀಯಂತೆ. ಹೊಸಬರು ಹಾಗೆ ಅವಸರ ಮಾಡಬಾರದು.

ಇಂತಿ,
ಕೃಷ್ಣಾಜಿ


ಮುರಗೋಡ
೨೭ ಅಕ್ಟೋಬರ್ ೨೦೨೪

ಪೂಜ್ಯ ಸರ್,

ಎರಡು ತಿಂಗಳು ನಿಮ್ಮ ಮಾತಿನಂತೆ ಸುಮ್ಮನಿದ್ದೆ. ಘಟಕ ಪರೀಕ್ಷೆಯಲ್ಲಿ ಕಾಡವ್ವ ಪ್ರಶ್ನೆಗಳನ್ನೇ ಅಂದವಾಗಿ ನಕಲು ಮಾಡಿ ಉತ್ತರವೆಂದು ಕೊಟ್ಟಳು. ಅದನ್ನು ನೋಡಿದ ಮೇಲೆ ಇನ್ನು ತಡೆಯಲಾಗಲಿಲ್ಲ. ದಸರಾ ರಜೆಗೆ ಮೊದಲು ಸಿಬ್ಬಂದಿ ಸಭೆ ಕರೆದು, ಎಲ್ಲರಿಗೂ ತಿಳಿಸಿಯೇ, ಇದ್ದ ಅಂಕಿಸಂಖ್ಯೆಯನ್ನು ಇದ್ದಂತೆ ಕಳಿಸಿದೆ. ಬೆಳಿಗ್ಗೆ ಒಂದು ಗಂಟೆ ಓದುವ ತರಗತಿಯನ್ನೂ ಶುರುಮಾಡಿದೆ.

ರಜೆ ಮುಗಿಯುವಷ್ಟರಲ್ಲಿ ನನ್ನ ಮೇಲೆ ಮೂಗರ್ಜಿ ಹೋಗಿತ್ತು. ಹೆಸರಿಲ್ಲ, ಸಹಿಯಿಲ್ಲ. ಸವದತ್ತಿಯ ಶಿಕ್ಷಣ ಇಲಾಖೆಯ ಕಚೇರಿಗೆ ಕರೆಸಿ, ಅಧಿಕಾರಿಯೊಬ್ಬರು ಓದಿ ಹೇಳಿದರು, ಪ್ರತಿ ಕೊಡಲಿಲ್ಲ. ಮೂರು ಆರೋಪಗಳಿವೆ. ಅವನ್ನು ಇಲ್ಲಿ ಬರೆಯಲು ನನಗೆ ಮನಸ್ಸಿಲ್ಲ. ವಿಚಾರಣೆಯಾಗುತ್ತದಂತೆ.

ಅಂದಿನಿಂದ ಶಾಲೆಯೊಳಗೆ ಕಾಲಿಟ್ಟರೆ ಪ್ರತಿಯೊಬ್ಬರ ಮುಖವನ್ನೂ ನೋಡುತ್ತೇನೆ. ನಾನು ಸಿಬ್ಬಂದಿ ಕೊಠಡಿಗೆ ಹೋದರೆ ಮಾತು ನಿಲ್ಲುತ್ತದೆ. ಅದು ಗೌರವಕ್ಕೆ ನಿಲ್ಲುತ್ತಿದೆಯೋ ಬೇರೆ ಕಾರಣಕ್ಕೋ? ಹಿಂದಿ ಶಿಕ್ಷಕಿ ಚಹಾ ತಂದುಕೊಟ್ಟರೆ, ಇವತ್ತೇ ಯಾಕೆ ತಂದರು ಎಂದು ಯೋಚಿಸುವವಳಾಗಿದ್ದೇನೆ.

ನಿಮ್ಮ ಮಾತು ನೆನಪಾಗಿ ರಾಯಪ್ಪ ಸರ್ ಅವರನ್ನೇ ಕರೆದು ಕೇಳಿದೆ. “ಏನರ ಹೇಳೋದಿದ್ರ ನನ್ನ ಮುಂದ ಹೇಳ್ರಿ ಸರ್. ಹಿಂದಿಂದ ಕಾಗದಾ ಬರಿಬ್ಯಾಡ್ರಿ.”

“ನಾ ಹೇಳೂದೆಲ್ಲಾ ನಿಮ್ಮ ಮುಂದನ ಹೇಳೇನ್ರಿ. ನಿಮ್ಮ ಕಿವಿಯಾಗ ಯಾರ ಮಾತು ಕುಂತಾವು ಅನ್ನೋದನ್ನ ನೀವ ನೋಡ್ಕೋರಿ,” ಎಂದು ಅವರು ಎದ್ದು ಹೋದರು.

ಮರುದಿನ ಹತ್ತನೆಯ ತರಗತಿಯ ಕನ್ನಡವನ್ನು ಅವರಿಂದ ತೆಗೆದು ನಾನೇ ಇಟ್ಟುಕೊಂಡೆ. ಪರೀಕ್ಷೆಯ ಉಸ್ತುವಾರಿಯನ್ನು ಭಾರ್ಗವ ಸರ್ ಅವರಿಗೆ ಕೊಟ್ಟೆ. ಇಪ್ಪತ್ತಾರು ವರ್ಷ ಸೇವೆ ಮಾಡಿದವರು ಪುಸ್ತಕ ಹಿಡಿದುಕೊಂಡು ಎಂಟನೆಯ ತರಗತಿಗೆ ನಡೆದರು. ಸರಿ ಮಾಡಿದೆನೇ, ಸರ್?

ನಿಮ್ಮ ವಿದ್ಯಾರ್ಥಿನಿ,
ಸ್ನೇಹಲ್


ಬೈಲಹೊಂಗಲ
೬ ನವೆಂಬರ್ ೨೦೨೪

ಚಿ. ಸ್ನೇಹಲಳಿಗೆ ಆಶೀರ್ವಾದ.

ರಾಯಪ್ಪನ ವಿಷಯದಲ್ಲಿ ನೀನು ಮಾಡಿದ್ದು ಸರಿ. ಆಡಳಿತದಲ್ಲಿ ಒಮ್ಮೆ ಕೈ ಬಿಗಿ ಮಾಡಲೇಬೇಕಾಗುತ್ತದೆ. ಭಾರ್ಗವ ವಿನಯವಂತ, ಅವನನ್ನು ಹತ್ತಿರ ಇಟ್ಟುಕೋ.

ನಿನ್ನ ತಪ್ಪನ್ನೂ ಹೇಳಬೇಕು, ನಾನಲ್ಲದೆ ಇನ್ಯಾರು ಹೇಳುತ್ತಾರೆ? ಆ ಶನಿವಾರದ ಸಭೆಯಲ್ಲಿ ಬಾಗಿಲಿಗೆ ಅಗಳಿ ಹಾಕಿಸಿ ಎಲ್ಲರ ಫೋನುಗಳನ್ನು ಮೇಜಿನ ಮೇಲೆ ಇಡಿಸಬಾರದಿತ್ತು. ಶಿಕ್ಷಕರೆಂದರೆ ಕಳ್ಳರಲ್ಲ. ವಿಚಾರಣೆಯಲ್ಲಿ ಅದನ್ನೇ ಹಿಡಿದು ಕೇಳುತ್ತಾರೆ. ‘ಮಾತು ಹೊರಗೆ ಹೋಗಬಾರದೆಂದು ಹಾಗೆ ಮಾಡಿದೆ, ಕ್ಷಮೆ ಇರಲಿ’ ಎಂದುಬಿಡು.

ಇನ್ನೊಂದು ಮಾತು. ಹಿಂದಿನ ವರ್ಷಗಳ ಕಾಗದಪತ್ರ ಕೇಳಿದರೆ ಗೆದ್ದಲು ಹಿಡಿದಿದೆ ಎಂದು ಬರೆದುಕೊಡು. ಆ ಕಪಾಟಿನಲ್ಲಿ ಗೆದ್ದಲು ಇದ್ದದ್ದು ಸುಳ್ಳಲ್ಲ. ಮುಗಿದುಹೋದ ವರ್ಷಗಳನ್ನು ಕೆದಕಿದರೆ ಇಂದಿನ ಮಕ್ಕಳಿಗೆ ಯಾವ ಲಾಭವೂ ಇಲ್ಲ.

ಇಂತಿ,
ಕೃಷ್ಣಾಜಿ


ಮುರಗೋಡ
೫ ಜನವರಿ ೨೦೨೫

ಕೃಷ್ಣಾಜಿ ಸರ್ ಅವರಿಗೆ,

ಎರಡು ತಿಂಗಳು ಬರೆಯಲಿಲ್ಲ. ನಿಮ್ಮ ಹಿಂದಿನ ಕಾಗದವನ್ನು ಚಚಡಿಯ ಬಸ್ಸಿನಲ್ಲಿ ಓದಿದೆ. ಇಳಿಯಬೇಕಾದ ಕಡೆ ಇಳಿಯಲಿಲ್ಲ. ಕಂಡಕ್ಟರು ಕೇಳಿದಾಗಲೇ ಎಚ್ಚರವಾದದ್ದು.

ಬಾಗಿಲಿಗೆ ಅಗಳಿ ಹಾಕಿಸಿದ್ದನ್ನೂ ಫೋನು ಇಡಿಸಿದ್ದನ್ನೂ ನಾನು ನಿಮಗೆ ಬರೆದಿಲ್ಲ. ಸಭೆ ಶನಿವಾರವಿತ್ತೆಂದೂ ಬರೆದಿಲ್ಲ. ಮೂಗರ್ಜಿಯ ಮೊದಲ ಆರೋಪವೇ ಅದು. ಆ ಕೋಣೆಯಲ್ಲಿ ನಾವು ಏಳು ಮಂದಿ ಇದ್ದೆವು. ಅವರಲ್ಲಿ ಒಬ್ಬರು ನಿಮ್ಮಲ್ಲಿಗೆ ಬಂದಿದ್ದಾರೆ. ಕಪಾಟಿನ ವಿಷಯ ನಿಮಗೆ ಜುಲೈನಲ್ಲೇ ಗೊತ್ತಿತ್ತು. ಅದನ್ನೂ ಹೇಳಿದವಳು ನಾನಲ್ಲ. ಆಗ ನನಗೆ ಹೊಳೆಯಲೇ ಇಲ್ಲ, ಏಕೆಂದರೆ ನಿಮ್ಮ ಮೇಲೆ ಸಂಶಯಪಡುವುದು ನನಗೆ ಅಭ್ಯಾಸವಿರಲಿಲ್ಲ.

ನೀವು ಬೇಡವೆಂದ ಕಪಾಟನ್ನು ಆಮೇಲೆ ತೆಗೆದೆ. ಗೆದ್ದಲು ಇತ್ತು, ಆದರೆ ಎಲ್ಲವನ್ನೂ ತಿಂದಿರಲಿಲ್ಲ. ನಿಮ್ಮ ಕಾಲದ ಮೂರು ವರ್ಷಗಳ ಪೂರ್ವಸಿದ್ಧತಾ ಪರೀಕ್ಷೆಯ ಉತ್ತರ ಪತ್ರಿಕೆಗಳು ಸಿಕ್ಕವು. ಫೆಬ್ರುವರಿಯಲ್ಲಿ ಹನ್ನೊಂದು, ಹದಿನಾಲ್ಕು ಅಂಕ ತೆಗೆದವರು ವಾರ್ಷಿಕ ಪರೀಕ್ಷೆಯಲ್ಲಿ ಎಂಬತ್ತು ತೆಗೆದಿದ್ದಾರೆ. ಒಬ್ಬಿಬ್ಬರಲ್ಲ. ಹೆಸರು ಹಿಡಿದು ನೋಡುತ್ತಾ ಹೋದೆ, ಆಮೇಲೆ ನೋಡುವುದನ್ನು ಬಿಟ್ಟೆ.

ರಾಯಪ್ಪ ಸರ್ ಅವರನ್ನು ಆ ತರಗತಿಯಿಂದ ತೆಗೆದದ್ದು ನಾನು. ತೆಗೆಯುವಂತೆ ನನ್ನ ಕಿವಿಯಲ್ಲಿ ಹೇಳಿದವರು ನೀವು. ಈಗ ಒಂದೇ ಪ್ರಶ್ನೆ. ಮೂಗರ್ಜಿ ಬರೆದವರು ನೀವೇನು?

ಸ್ನೇಹಲ್


ಬೈಲಹೊಂಗಲ
೧೯ ಜನವರಿ ೨೦೨೫

ಸ್ನೇಹಲಳಿಗೆ,

ನಾನು ಬರೆಯಲಿಲ್ಲ. ತಿದ್ದಿದೆ.

ದಸರಾ ರಜೆಯಲ್ಲಿ ಭಾರ್ಗವ ಮನೆಗೆ ಬಂದ. ಜೂನ್‌ನಿಂದಲೂ ವಾರಕ್ಕೊಮ್ಮೆ ಫೋನು ಮಾಡುತ್ತಿದ್ದ, ಶಾಲೆಯ ಸುದ್ದಿಯೆಲ್ಲ ನನಗೆ ಅವನಿಂದಲೇ ಗೊತ್ತಾಗುತ್ತಿತ್ತು. ಬರೆದು ತಂದಿದ್ದ ಕಾಗದವನ್ನು ಮುಂದಿಟ್ಟು, “ಸರ್, ಒಂದು ಸಲ ಕಣ್ಣಾಡ್ಸಿ ಕೊಡ್ರಿ. ಅಕಿ ಹಳೇದೆಲ್ಲಾ ತಗಸ್ಲಿಕ್ಕೆ ಹತ್ಯಾಳ. ನಾಳೆ ನಿಮ್ಮ ಹೆಸರೂ ಬರತದ, ನಂದೂ ಬರತದ,” ಅಂದ. ಕಾಗದದ ತುಂಬ ತಪ್ಪುಗಳಿದ್ದವು. ಮೂವತ್ತೈದು ವರ್ಷ ತಪ್ಪು ಕಂಡಲ್ಲಿ ಕೆಂಪು ಶಾಯಿ ಹಚ್ಚಿದ ಕೈ. ಕಾಗುಣಿತ ತಿದ್ದಿದೆ, ವಾಕ್ಯ ಸರಿಪಡಿಸಿದೆ, ಆರೋಪಗಳನ್ನು ಕ್ರಮದಲ್ಲಿ ಇಟ್ಟೆ. ತಿದ್ದುವಾಗ ಅದು ಯಾರ ಮೇಲಿನ ಕಾಗದ ಎಂಬುದು ಮರೆತಿರಲಿಲ್ಲ. ಹಾಗೆ ಹೇಳಿದರೆ ಇನ್ನೊಂದು ಸುಳ್ಳಾಗುತ್ತದೆ.

ಕಪಾಟಿನಲ್ಲಿ ನೀನು ಕಂಡದ್ದು ನಿಜ. ನಾನು ಬಂದ ಮೊದಲ ವರ್ಷ ಫಲಿತಾಂಶ ಇಪ್ಪತ್ತೆಂಟು. ಶಾಲೆಯನ್ನೇ ಮುಚ್ಚಿ ಮಕ್ಕಳನ್ನು ಬೇರೆ ಕಡೆ ಹಾಕುವ ಮಾತು ಬಂತು. ಹಾಗಾದರೆ ಹೆಣ್ಣುಮಕ್ಕಳು ಶಾಲೆ ಬಿಡುತ್ತಾರೆಂದು ನನಗೆ ಗೊತ್ತಿತ್ತು. ಮುಂದಿನ ವರ್ಷ ಭಾರ್ಗವ ಗಣಿತದ ದಿನ ಕೊಠಡಿಯಿಂದ ಕೊಠಡಿಗೆ ಹೋಗಿ ಉತ್ತರ ಹೇಳಿದ. ನಾನು ಕಚೇರಿಯಲ್ಲಿ ಕುಳಿತು ಬಾಗಿಲು ಮುಚ್ಚಿಕೊಂಡೆ. ಒಂದೇ ವರ್ಷ ಎಂದುಕೊಂಡಿದ್ದೆ. ಆ ವರ್ಷ ಕಿತ್ತೂರಿನಲ್ಲಿ ಮುಖ್ಯಾಧ್ಯಾಪಕರ ಸಭೆಯಲ್ಲಿ ನನ್ನನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು. ಸಭೆಯೆಲ್ಲ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಆಮೇಲೆ ನಿಲ್ಲಿಸುವ ದಾರಿ ನನಗೆ ಕಾಣಲಿಲ್ಲ, ಹುಡುಕಲೂ ಇಲ್ಲ.

ರಾಯಪ್ಪ ಎರಡು ಸಲ ನನ್ನ ಹತ್ತಿರ ಬಂದು ಇದು ಬೇಡವೆಂದಿದ್ದ. ಅವನ ಮೇಲೆ ನನಗಿದ್ದ ಸಿಟ್ಟು ಅದೇ.

ಒಂದು ಮಾತು ನಂಬು. ಮೂಗರ್ಜಿಯಲ್ಲಿ ಇನ್ನೊಂದು ಸಾಲಿತ್ತು. ಅದನ್ನು ನಾನು ಪೂರ್ತಿ ಹೊಡೆದುಹಾಕಿದೆ. ಏನೆಂದು ಇಲ್ಲಿ ಬರೆಯಲಾರೆ.

ಕೃಷ್ಣಾಜಿ


ಮುರಗೋಡ
೩೦ ಜನವರಿ ೨೦೨೫

ಕೃಷ್ಣಾಜಿ ಸರ್ ಅವರಿಗೆ,

ನೀವು ಹೊಡೆದುಹಾಕಿದ ಸಾಲು ಯಾವುದೆಂದು ನನಗೆ ಗೊತ್ತು. ನಮ್ಮ ಓಣಿಯ, ನಮ್ಮ ಜಾತಿಯ ಮಾತು ಅದು, ಮೂರನೆಯ ತರಗತಿಯಿಂದ ಅದನ್ನು ಬೇರೆ ಬೇರೆ ಮಾತುಗಳಲ್ಲಿ ಕೇಳಿದ್ದೇನೆ. ನನ್ನ ಅಪ್ಪ ಪರಪ್ಪನಿಗೂ ಅದು ಗೊತ್ತು. ಅದನ್ನು ಹೊಡೆದು ಉಳಿದದ್ದನ್ನು ಸುಂದರ ಮಾಡಿ ಕಳಿಸಿದಿರಿ. ಆ ಸಾಲು ಉಳಿದಿದ್ದರೆ ಬರೆದವರ ಮನಸ್ಸು ಅಧಿಕಾರಿಗೆ ಅಲ್ಲಿಯೇ ಕಾಣುತ್ತಿತ್ತು. ನಿಮ್ಮ ದಯೆಯಿಂದ ಮೂಗರ್ಜಿ ಮರ್ಯಾದಸ್ಥರ ಕಾಗದವಾಯಿತು.

ರಾಯಪ್ಪ ಸರ್ ಅವರ ಬಳಿಗೆ ನಾನೇ ಹೋದೆ. ಎಂಟನೆಯ ತರಗತಿಯಲ್ಲಿ ಪದ್ಯ ಹೇಳಿಸುತ್ತಿದ್ದರು. ಮುಗಿಯುವವರೆಗೆ ಹೊರಗೆ ನಿಂತೆ. “ತಪ್ಪಾತ್ರಿ ಸರ್. ನಾಳಿಯಿಂದ ಹತ್ತನೇತ್ತಾ ನೀವ ತಗೋರಿ,” ಅಂದೆ.

ಅವರು ಕೈಗಂಟಿದ ಸೀಮೆಸುಣ್ಣದ ಪುಡಿ ಒರೆಸಿಕೊಂಡರು. “ನಾನೂ ಏನ್ ಸಾಚಾ ಅಲ್ರಿ ಮೇಡಂ. ಎರಡ ಸಲಾ ಬ್ಯಾಡಂತ ಹೇಳಿ, ಆಮ್ಯಾಗ ಬಾಯಿ ಮುಚ್ಚಿಕೊಂಡು ನಿಂತೇನಿ. ಎರಡ ವರ್ಷ ನಾನ ಕುರ್ಚಿಮ್ಯಾಲಿದ್ದಾಗೂ ನಡೀಲಿ ಅಂತ ಬಿಟ್ಟೇನಿ. ಎಲ್ಲಾರ ಕುತ್ತಿಗಿಗೂ ಬರತೈತಿ ಅಂದಿದ್ದು ನಂದೂ ಸೇರಿಸೇ ಅಂದಿದ್ದೆ,” ಅಂದರು. ಆಮೇಲೆ, “ಆದ್ರ ನೀವು ಕೇಳಿದ ಮಾತಿಗೆ ಭಾಳ ನೋವಾತ್ರಿ,” ಅಂದರು.

ಫೆಬ್ರುವರಿ ಹನ್ನೆರಡರಂದು ಸವದತ್ತಿಯಲ್ಲಿ ವಿಚಾರಣೆ. ನನಗೆ ನಿಮ್ಮ ಕ್ಷಮಾಪಣೆ ಬೇಡ. ನನಗೆ ಬರೆದದ್ದನ್ನು ಅಲ್ಲಿ ಬಂದು ಹೇಳಿ. ನಿಮ್ಮ ಕಾಗದ ನನ್ನ ಹತ್ತಿರ ಇದೆ, ಆದರೆ ಅದನ್ನು ತೋರಿಸುವುದಿಲ್ಲ. ತೋರಿಸಿದರೆ ನಾನೂ ಭಾರ್ಗವ ಸರ್ ಅವರ ಕೆಲಸವನ್ನೇ ಮಾಡಿದಂತಾಗುತ್ತದೆ.

ಸ್ನೇಹಲ್


ಬೈಲಹೊಂಗಲ
೧೬ ಫೆಬ್ರುವರಿ ೨೦೨೫

ಸ್ನೇಹಲಳಿಗೆ,

ಹೊರಗಿನ ಬೆಂಚಿನಲ್ಲಿ ನೀನೂ ರಾಯಪ್ಪನೂ ಕುಳಿತಿದ್ದಿರಿ. ನಾನು ಒಳಗೆ ಹೋಗುವಾಗ ರಾಯಪ್ಪ ಎದ್ದು ನಿಂತ. ನೀನು ಏಳಲಿಲ್ಲ. ಏಳಬೇಕಾಗಿಯೂ ಇರಲಿಲ್ಲ.

ಒಬ್ಬೊಬ್ಬರನ್ನೇ ಕರೆದದ್ದರಿಂದ ಒಳಗೆ ನಡೆದದ್ದು ನಿನಗೆ ತಿಳಿದಿರಲಾರದು. ಮೂಗರ್ಜಿ ತಂದವನು ಭಾರ್ಗವ, ತಿದ್ದಿದವನು ನಾನು, ಅದರಲ್ಲಿರುವ ಮೂರೂ ಆರೋಪಗಳು ತಿರುಚಿದವು ಎಂದು ಹೇಳಿದೆ. ಅಧಿಕಾರಿ ಬರೆದುಕೊಂಡರು, ಸಹಿ ಮಾಡಿದೆ.

ಆಮೇಲೆ, “ಇನ್ನೊಂದು ಹೇಳೋದದರಿ. ನನ್ನ ಕಾಲದ ಫಲಿತಾಂಶದ ಬಗ್ಗೆ,” ಎಂದೆ. ಅವರು ಪೆನ್ನಿನ ಮುಚ್ಚಳ ಹಾಕಿದರು. “ಅದು ಈ ವಿಚಾರಣಿ ವಿಷಯ ಅಲ್ಲರಿ ಸರ್. ನೀವು ಹಿರಿಯರು, ಆರಾಮ ಇರ್ರಿ,” ಅಂದರು. ನಾನು ಮತ್ತೊಮ್ಮೆ ಹೇಳಹೋದೆ. “ಆ ಫಲಿತಾಂಶಕ್ಕ ನಿಮ್ಮೊಬ್ಬರಿಗೇ ಶಾಲು ಹೊದಿಸಿಲ್ಲರಿ ಸರ್,” ಎಂದು ಎದ್ದು ನಿಂತರು. ನಾನೂ ಎದ್ದೆ.

ಹೊರಗೆ ಬಂದಾಗ ನೀನು ಕೇಳಿದೆ, “ಎಲ್ಲಾ ಹೇಳಿದ್ರೇನ್ರಿ?” ನಾನು ತಲೆಯಾಡಿಸಿದೆ. ಅದು ಹೌದೋ ಅಲ್ಲವೋ ನನಗೇ ತಿಳಿಯಲಿಲ್ಲ. ಅದಕ್ಕೆ ಇದನ್ನು ಬರೆಯುತ್ತಿದ್ದೇನೆ. ನಂಬುವುದು ಬಿಡುವುದು ನಿನಗೆ ಸೇರಿದ್ದು.

ಕೃಷ್ಣಾಜಿ


ಮುರಗೋಡ
೧೧ ಮೇ ೨೦೨೫

ಕೃಷ್ಣಾಜಿ ಸರ್ ಅವರಿಗೆ,

ಫಲಿತಾಂಶ ನೋಡಿರುತ್ತೀರಿ. ನಲವತ್ತಮೂರು. ತಾಲೂಕಿನ ಪಟ್ಟಿಯಲ್ಲಿ ಕೊನೆಯಿಂದ ನಾವು ಆರನೆಯವರು. ನನಗೆ ಇನ್ನೊಂದು ನೋಟಿಸು ಬಂದಿದೆ. ಮೂಗರ್ಜಿಯನ್ನು ‘ಹುರುಳಿಲ್ಲ’ ಎಂದು ಬರೆದು ಮುಚ್ಚಿದ್ದಾರೆ. ಭಾರ್ಗವ ಸರ್ ಮೇಲೆ ಕ್ರಮವೇನೂ ಆಗಲಿಲ್ಲ. ತಾವೇ ಅರ್ಜಿ ಹಾಕಿ ವರ್ಗ ಮಾಡಿಸಿಕೊಂಡು ಹೋಗುತ್ತಿದ್ದಾರೆ. ಹೋಗುವ ಶಾಲೆಯಲ್ಲಿ ಅವರ ಬಗ್ಗೆ ಯಾರಿಗೂ ಏನೂ ಗೊತ್ತಿಲ್ಲ.

ಇಪ್ಪತ್ತೊಂದು ಮಂದಿಯಲ್ಲಿ ಹದಿನೇಳು ಮಂದಿ ಈಗ ಓದುತ್ತಾರೆ. ಕಾಡವ್ವ ಕನ್ನಡದಲ್ಲಿ ಐವತ್ತೆರಡು ತೆಗೆದಳು, ಗಣಿತದಲ್ಲಿ ಬಿದ್ದಳು. ಎರಡನೆಯ ಪರೀಕ್ಷೆ ಬರೆಯುತ್ತಾಳೆ. ಬಿದ್ದವರಿಗಾಗಿ ರಾಯಪ್ಪ ಸರ್, ನಾನು ರಜೆಯಲ್ಲೂ ಪಾಠ ಮಾಡುತ್ತಿದ್ದೇವೆ. ನಾವಿಬ್ಬರೂ ಈಗಲೂ ಜಗಳಾಡುತ್ತೇವೆ, ಆದರೆ ಎದುರೆದುರು.

ಕಳೆದ ಗುರುವಾರ ಪಾಠದ ನಡುವೆ ಇಪ್ಪತ್ತೊಂದು, ಇಪ್ಪತ್ತೆರಡು ವರ್ಷದ ಒಬ್ಬಾತ ಬಂದು ಬಾಗಿಲಲ್ಲಿ ನಿಂತ. ಜಟ್ಟೆಪ್ಪ ಎಂದು ಹೆಸರು. ರಾಮದುರ್ಗದ ಮಾರುಕಟ್ಟೆಗೆ ಸರಕಿನ ಗಾಡಿ ಹೊಡೆಯುತ್ತಾನೆ. ಯಾರದಾದರೂ ಅಣ್ಣನಿರಬೇಕೆಂದು, ಯಾರನ್ನು ಕರೆಯಬೇಕು ಎಂದು ಕೇಳಿದೆ.

“ಯಾರನ್ನೂ ಅಲ್ರಿ ಮೇಡಂ. ನಾನೂ ಕುಂದರ್ಲೇನ್ರಿ?”

“ನೀನು ಹತ್ತನೇತ್ತಾ ಪಾಸಾಗೀಯಿಲ್ಲೋ?”

“ಆಗೇನ್ರಿ. ಎಂಬತ್ತೊಂದ್ ಪರ್ಸೆಂಟ್. ಕೃಷ್ಣಾಜಿ ಸರ್ ಇದ್ರಲ್ರಿ, ಆವಾಗ.” ನಗುತ್ತಲೇ ಹೇಳಿದ. ಆಮೇಲೆ ನಗು ಇಳಿಯಿತು. “ಮಗಳು ಹುಟ್ಯಾಳ್ರಿ. ದವಾಖಾನ್ಯಾಗ ಚೀಟಿ ಕೊಟ್ಟು ಓದಿ ಸಹಿ ಮಾಡಂದ್ರು. ಸಹಿ ಮಾಡಿದ್ನಿ. ಏನ್ ಬರದಿತ್ತೋ ಗೊತ್ತಿಲ್ರಿ.”

ಹುಡುಗರು ಯಾರೂ ನಗಲಿಲ್ಲ. ಕಾಡವ್ವ ಬೆಂಚಿನಲ್ಲಿ ಸರಿದು ಜಾಗ ಮಾಡಿದಳು. ಶನಿವಾರ ಅವನು ತನ್ನ ಜೊತೆಗೆ ಓದಿದ ಇನ್ನಿಬ್ಬರನ್ನು ಕರೆದುಕೊಂಡು ಬಂದ.

ಸವದತ್ತಿಯಲ್ಲಿ ಅಧಿಕಾರಿ ಪೆನ್ನು ಮುಚ್ಚಿದರೋ ನೀವು ಬಾಯಿ ಮುಚ್ಚಿದಿರೋ ನನಗೆ ಗೊತ್ತಿಲ್ಲ. ನಿಮ್ಮ ಕಾಗದವನ್ನು ಎಷ್ಟು ಸಲ ಓದಿದರೂ ನಂಬಿಕೆ ಪೂರ್ತಿ ಬರುವುದಿಲ್ಲ, ಪೂರ್ತಿ ಹೋಗುವುದೂ ಇಲ್ಲ. ಇನ್ನು ಅದನ್ನು ಕೇಳುವುದಿಲ್ಲ. ಜಟ್ಟೆಪ್ಪನಿಗೂ ನಾನು ಏನೂ ಹೇಳಿಲ್ಲ. ತಾನು ದಡ್ಡ, ಕಲಿತದ್ದನ್ನೆಲ್ಲ ಮರೆತುಬಿಟ್ಟೆ ಎಂದೇ ಅವನು ತಿಳಿದಿದ್ದಾನೆ. ಅವನು ಮರೆತದ್ದಲ್ಲ ಎಂಬುದನ್ನು ನೀವು ಬಂದು ಹೇಳಬೇಕು. ಹೇಳಿ, ಆಮೇಲೆ ಕಲಿಸಬೇಕು. ಮೂವರೂ ನಿಮ್ಮವರು.

ಬೈಲಹೊಂಗಲದಿಂದ ಎಂಟೂಕಾಲಿಗೆ ಬಸ್ಸಿದೆ. ಹತ್ತೊಂಬತ್ತರ ಸೋಮವಾರ ಹತ್ತು ಗಂಟೆಗೆ ಪಾಠ. ನೀವು ಕಲಿಸುವಷ್ಟು ಹೊತ್ತೂ ನಾನು ಹಿಂದಿನ ಬೆಂಚಿನಲ್ಲಿ ಕುಳಿತಿರುತ್ತೇನೆ.

ಸ್ನೇಹಲ್
ಮುಖ್ಯೋಪಾಧ್ಯಾಯಿನಿ